ಸೀರೆ ಅಂಗಡಿ ಬಿಟ್ಟು ಬಂದ ಅಕ್ಕ

ಅಕ್ಕನ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಹಗ್ಗದಂತೆ ಹೊಸೆದುಕೊಂಡು ಗಂಟು ಕಟ್ಟಿದ್ದವು. ಮಧ್ಯಾಹ್ನ ಊಟಕ್ಕೆ ಬಿಡುತ್ತಿದ್ದ ಇಪ್ಪತ್ತು ನಿಮಿಷದಲ್ಲಿ ಅವಳು ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕಟ್ಟಿಕೊಂಡ ಹಳೇ ಸೀರೆಯ ಪಟ್ಟಿಯನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಅದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಊಟ.

ಅವಳು ನನ್ನ ಒಡಹುಟ್ಟಿದವಳಲ್ಲ. ತೆಲುಗು ನಾಡಿನ ಗಡಿಯಂಚಿನ ನಾರಾಯಣಪೇಟೆಯ ಒಂದು ಸೀರೆ ಅಂಗಡಿಯಲ್ಲಿ ನಾವು ಎಂಟು ಜನ ಹೆಂಗಸರು ಗಿರಾಕಿಗಳಿಗೆ ಸೀರೆ ತೋರಿಸುವ ಕೆಲಸಕ್ಕಿದ್ದೆವು. ಹನ್ನೊಂದು ವರ್ಷದಿಂದ ಇದ್ದವಳು ಅವಳು, ಎಲ್ಲರಿಗೂ ಅಕ್ಕ. ಗಂಡನ ಮನೆ ಬಿಟ್ಟು ಬಂದು ಮಕ್ತಲದಲ್ಲಿ ತಾಯಿಯ ಜೊತೆ ಇದ್ದಳು, ದಿನಾ ಬಸ್ಸಿಗೆ ಬರುತ್ತಿದ್ದಳು. ನಾನು ಡಿಗ್ರಿ ಮುಗಿಸಿ ಆಗಷ್ಟೇ ಸೇರಿದವಳು. ಸೀರೆ ಮಡಚುವುದನ್ನು, ಜರಿ ನೋಡುವುದನ್ನು, ಮಾತಾಡುವುದನ್ನು ಅವಳೇ ಕಲಿಸಿದಳು. "ಸೀರಿ ತಿರುವಿ ಹಿಂದಿನ ಮೈ ನೋಡು, ಎಳಿ ಎಲ್ಲಿ ಗಂಟು ಹಾಕ್ಯಾರ ಕಾಣ್ತೈತಿ," ಅನ್ನುತ್ತಿದ್ದಳು. ಆ ಗಂಟು ನೋಡಿಯೇ ಇದು ಯಾವ ಮನೆಯ ಮಗ್ಗದ್ದು ಎಂದು ಹೇಳಬಲ್ಲವಳಾಗಿದ್ದಳು. ಇಷ್ಟು ಬಲ್ಲವಳಿಗೆ ಆ ಅಂಗಡಿಯಲ್ಲಿ ಕೂಡುವ ಹಕ್ಕಿರಲಿಲ್ಲ.

ಗಿರಾಕಿಗಳಿಗೆ ಬಿಳಿ ಗಾದಿ ಹಾಸಿರುತ್ತಿತ್ತು. ನಾವು ಹತ್ತು ಗಂಟೆಗೆ ನಿಂತರೆ ರಾತ್ರಿ ಎಂಟೂವರೆಗೆ ಷಟರ್ ಎಳೆಯುವ ತನಕ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ. ಕಪಾಟಿಗೆ ಒರಗಿದರೂ ಸಾಹುಕಾರರು ಮೇಲಿನ ಕೋಣೆಯಲ್ಲಿ ಕ್ಯಾಮೆರಾದಲ್ಲಿ ನೋಡಿ ಕೂಗುತ್ತಿದ್ದರು.

ಇದರ ಮೇಲೆ ಸೋಮವಾರದ ಭಾಷಣ ಬೇರೆ. ಸಾಹುಕಾರರ ಮಗ ಹೈದರಾಬಾದಿನಲ್ಲಿ ಯಾವುದೋ ಕಂಪನಿಯ ನೌಕರಿ ಬಿಟ್ಟು ಬಂದಿದ್ದ. ಅಂಗಡಿ ತೆರೆಯುವ ಮೊದಲು ನಮ್ಮನ್ನು ಸಾಲಾಗಿ ನಿಲ್ಲಿಸಿ ತನ್ನ ಬಿಡುಗಡೆಯ ಕಥೆ ಹೇಳುತ್ತಿದ್ದ. ಒಂಬತ್ತರಿಂದ ಐದರವರೆಗಿನ ಗುಲಾಮಗಿರಿ ಬಿಡಿ, ನಿಮ್ಮ ಸಮಯಕ್ಕೆ ನೀವೇ ಒಡೆಯರಾಗಿ, ಆರ್ಥಿಕ ಸ್ವಾತಂತ್ರ್ಯ ಗಳಿಸಿ, ಧೈರ್ಯ ಮಾಡಿ. ಅವನ ಧೈರ್ಯವೆಲ್ಲ ಅಪ್ಪನ ಅಂಗಡಿ. ಆ ಅಂಗಡಿ ನಿಂತಿದ್ದು ನಮ್ಮ ಮೇಲೆ. ಈಗ ಬರೆಯುವಾಗಲೂ ಹಲ್ಲು ಕಡಿಯುತ್ತೇನೆ. ಆಗ ಮಾತ್ರ ತಲೆಯಾಡಿಸುತ್ತಿದ್ದೆ.

ಅಕ್ಕ ತಲೆಯಾಡಿಸಲಿಲ್ಲ. ಒಂದು ಸೋಮವಾರ ಕೇಳಿಯೇಬಿಟ್ಟಳು: "ಸಣ್ಣ ಸಾವ್ಕಾರ್ರೀ, ಒಂಬತ್ತರಿಂದ ಐದು ಬಿಡ್ರಿ ಅಂತೀರಿ. ಬಿಡಾಕ ನಮಗ ಮೊದಲ ಅದನ್ನರ ಕೊಡ್ರಿ. ನಮ್ಮದು ಹತ್ತರಿಂದ ಎಂಟೂವರಿ ಐತಿ."

ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. ಅಂದಿನಿಂದ ಅಪ್ಪ ಮಗ ಇಬ್ಬರೂ ಅವಳ ಒಂದು ತಪ್ಪಿಗಾಗಿ ಕಾಯತೊಡಗಿದರು. ಆ ತಪ್ಪನ್ನು ಒದಗಿಸಿಕೊಟ್ಟವಳು ನಾನು.

ಮದುವೆ ಸೀಸನ್ನು, ಅಂಗಡಿ ತುಂಬಿತ್ತು. ನನಗೆ ಎರಡು ದಿನದಿಂದ ಜ್ವರ. ರಜೆ ಕೇಳಿದರೆ ಕೊಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆಗಟ್ಟಿ ಕಪಾಟನ್ನು ಹಿಡಿದುಕೊಂಡೆ. ಪಕ್ಕದಲ್ಲಿದ್ದ ಅಕ್ಕ ನನ್ನ ಹಣೆ ಮುಟ್ಟಿ, ಭುಜ ಹಿಡಿದು ಗಾದಿಯ ಅಂಚಿಗೆ ಕೂಡಿಸಿದಳು.

"ಕುಂದ್ರು. ಯಾರ ಏನಂತಾರ ನಾ ನೋಡ್ಕೋತೀನಿ."

ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಸಾಹುಕಾರರು ಮೆಟ್ಟಿಲಿಳಿದು ಬಂದರು. "ಯಾರ ಹೇಳಿದ್ರು ನಿನಗ ಕುಂದ್ರಾಕ?"

ನಾನು ತಟ್ಟನೆ ಎದ್ದು ನಿಂತೆ. ಜ್ವರ ಇದೆ ಎನ್ನಬಹುದಿತ್ತು. ಸುಮ್ಮನೆ ಇರಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಅಕ್ಕ ಅಂದಳ್ರೀ."

ಅಕ್ಕ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಚೌಕಳಿ ಸೀರೆಯನ್ನು ಹಿಡಿದುಕೊಂಡೇ ಹೋಗಿ ಗಿರಾಕಿಗಳ ಎದುರು ಗಾದಿಯ ಮೇಲೆ ಕೂತಳು, ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಸೆರಗು ತೋರಿಸತೊಡಗಿದಳು. "ಏಳು," ಎಂದರು ಸಾಹುಕಾರರು. ಸೀರೆ ನೋಡುತ್ತಿದ್ದ ಮುದುಕಿಗೇ ಸಂಕಟವಾಯಿತು. "ಕೂಸೋನಿಯ್ಯಿ, ಏಮೈತದಿ?" ಅಂತ ತೆಲುಗಿನಲ್ಲಿ ಅಂದಳು. ಕೂತುಕೊಳ್ಳಲಿ ಬಿಡಪ್ಪ, ಏನಾಗುತ್ತೆ ಎಂದು.

ಅಕ್ಕ ತಲೆಯೆತ್ತದೆ ಹೇಳಿದಳು: "ಏಳ್ತೀನ್ರೀ. ಅಮ್ಮ ಸೀರಿ ಆರಿಸಿಕೊಳ್ಳಲಿ, ಏಳ್ತೀನಿ. ಆಮ್ಯಾಲೆ ನಿಮ್ಮ ಅಂಗಡಿನ್ಯಾಗ ಮತ್ತ ನಿಂದ್ರಂಗಿಲ್ಲ."

ಹಾಗೆಯೇ ಮಾಡಿದಳು. ಮುದುಕಿ ಮೂರು ಸೀರೆ ಆರಿಸಿದಳು. ಅಕ್ಕ ಮೂರನ್ನೂ ಮಡಚಿ ಚೀಲಕ್ಕಿಟ್ಟು, ತನ್ನ ಊಟದ ಡಬ್ಬಿ ತಗೊಂಡು ಹೊರಟಳು. ಬಾಗಿಲಲ್ಲಿ ಒಂದು ಸಲ ನಿಂತು ನಮ್ಮೆಲ್ಲರನ್ನೂ ನೋಡಿದಳು. ಯಾರೂ ಕದಲಲಿಲ್ಲ. ನಾನು ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ಅದಾದ ಮೇಲೂ ನಾನು ಒಂದು ವರ್ಷ ಅಲ್ಲೇ ಇದ್ದೆ. ಅಕ್ಕನ ಸುದ್ದಿ ಅಂಗಡಿಗೇ ಬರುತ್ತಿತ್ತು. ನೇಕಾರರ ಮನೆಗಳಿಂದ ನೇರವಾಗಿ ಸೀರೆ ತಗೊಂಡು, ಮಕ್ತಲ, ದಾಮರಗಿದ್ದ, ಗದ್ವಾಲದ ಶಾಲೆಗಳಿಗೆ ಹೋಗಿ ಟೀಚರಮ್ಮಂದಿರಿಗೆ ಮಾರುತ್ತಿದ್ದಾಳೆ ಎಂದು. ಸಾಹುಕಾರರು ಸುಮ್ಮನಿರಲಿಲ್ಲ. ಆಕೆಗೆ ಸೀರೆ ಕೊಟ್ಟ ಮನೆಯಿಂದ ನಾವು ಕೊಳ್ಳುವುದಿಲ್ಲ ಎಂದು ಮನೆಮನೆಗೆ ಹೇಳಿ ಕಳಿಸಿದರು. ಹೇಳಿಬರಲು ಹೋದವನು ಮಗ, ಧೈರ್ಯ ಮಾಡಿ ಎನ್ನುತ್ತಿದ್ದನಲ್ಲ, ಅವನೇ. ಒಬ್ಬೊಬ್ಬರಾಗಿ ಎಲ್ಲರೂ ಹಿಂಜರಿದರು. ಒಬ್ಬ ವಿಧವೆ ನೇಕಾರ ಹೆಂಗಸು ಮಾತ್ರ ಕೊಡುವುದನ್ನು ನಿಲ್ಲಿಸಲಿಲ್ಲ. ಒಂದೆರಡು ಮನೆಯವರು ಮತ್ತೆ ಕೊಡತೊಡಗುವವರೆಗೆ ಆ ಒಂದು ಮಗ್ಗದ ಮೇಲೆಯೇ ಅಕ್ಕ ಆರು ತಿಂಗಳು ನಡೆಸಿದಳು. ಸೀರೆ ಇಲ್ಲದ ವಾರಗಳಲ್ಲಿ ಸೆರಗಿಗೆ ಕುಚ್ಚು ಕಟ್ಟಿಕೊಟ್ಟಳು. ಮತ್ತೆ ಹೋಗಿ ಸಾಹುಕಾರರ ಕಾಲು ಹಿಡಿ ಎಂದು ನೆಂಟರು ಬುದ್ಧಿ ಹೇಳಿದರಂತೆ. ಹೇಳಿದವರಿಗೆ ಚಹಾ ಕೊಟ್ಟು ಕಳಿಸಿದಳಂತೆ.

ಕೊನೆಗೆ ನಾನೂ ಕೆಲಸ ಬಿಟ್ಟು, ಒಂದು ಬೆಳಿಗ್ಗೆ ಮಕ್ತಲಕ್ಕೆ ಅವಳ ಮನೆಗೆ ಹೋದೆ. ಬಾಗಿಲಲ್ಲೇ ಅಳು ಬಂತು.

"ಅಳಬ್ಯಾಡ," ಎಂದಳು. "ನನಗ ನಿನ್ನ ಮ್ಯಾಲ ಸಿಟ್ಟು ಐತಿ. ಇರ್ತೈತಿ. ಅದಕ್ಕ ನೀ ಅತ್ತರ ಏನಾತು? ಕೆಲಸ ಬೇಕಾ ಹೇಳು."

ಕೆಲಸ ಕೊಟ್ಟಳು. ಸಂಬಳಕ್ಕಲ್ಲ, ಸರಿಪಾಲಿಗೆ. ಯಾವ ಊರಿಗೆ, ಎಷ್ಟು ಹೊತ್ತಿಗೆ ಎಂದು ಇಬ್ಬರೂ ಕೂತು ಗೊತ್ತುಮಾಡುತ್ತಿದ್ದೆವು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ಒಂದು ಬುಧವಾರ ಗದ್ವಾಲಕ್ಕೆ ಹೊರಟಿದ್ದೆವು. ದಾರಿಯಲ್ಲಿ ಸಿಗುವ ಜೂರಾಲ ಡ್ಯಾಮಿನ ಗೇಟು ತೆಗೆದಿದ್ದಾರೆ ಎಂದು ಬಸ್ಸಿನಲ್ಲಿ ಮಾತು ಕೇಳಿದ್ದೇ ತಡ, ಅಕ್ಕ ನನ್ನ ಕೈ ಹಿಡಿದು ಡ್ಯಾಮಿನ ಹತ್ತಿರವೇ ಇಳಿಸಿದಳು. ನೀರು ಹೊಗೆಯಂತೆ ಏಳುತ್ತಿತ್ತು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಗಿದಿತ್ತು, ಕಣ್ಣಲ್ಲಿ ನೀರು.

"ಹನ್ನೊಂದು ವರ್ಷ ಗೇಟ್ ತೆಗದಾರಂತ ಗಿರಾಕಿಗಳ ಬಾಯಾಗ ಕೇಳೀನಿ. ಇಷ್ಟ ಹತ್ರ ಐತಿ ನೋಡು. ಒಂದ್ ದಿನ ನೋಡಾಕ ಬಿಡಲಿಲ್ಲ ಅವರು. ನಾ ಆದರೂ ಯಾಕ ಕೇಳಲಿಲ್ಲ?"

ಅಂದು ಗದ್ವಾಲಕ್ಕೆ ಹೋಗಲೇ ಇಲ್ಲ. ಹೊತ್ತಿಳಿಯುವವರೆಗೆ ಅಲ್ಲೇ ಇದ್ದೆವು. ಯಾರನ್ನೂ ಕೇಳಬೇಕಿರಲಿಲ್ಲ.

ನಾನು ಸೇರಿದ ಮೇಲೆ ಹೀಗೆ ಎರಡು ವರ್ಷ ಸಿಕ್ಕವು ಅವಳಿಗೆ. ಬರೀ ಎರಡು. ಹೋದ ಮಳೆಗಾಲದಲ್ಲಿ ಕಾಮಾಲೆ ಆಗಿ, ರಾಯಚೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಕೊಂಡಳು. ನಲವತ್ತೆರಡು ವಯಸ್ಸು.

ಮಕ್ತಲದ ಮನೆಯಂಗಳದಲ್ಲಿ ಅವಳನ್ನು ಕೂಡಿಸಿ ವಿಭೂತಿ ಹಚ್ಚಿದ್ದರು. ಸಾಹುಕಾರರು ಕಾರಿನಲ್ಲಿ ಬಂದರು, ದೊಡ್ಡ ಹಾರ ತಂದಿದ್ದರು. ಹಾರ ಹಾಕಿ, ನೆರೆದವರ ಕಡೆ ತಿರುಗಿ, "ನಮ್ಮ ಅಂಗಡಿ ಹುಡುಗಿ. ಮಗಳಂಗ ನೋಡಿದ್ವಿ. ನಾವೇ ಕೆಲಸ ಕಲಿಸಿ ತಯಾರ ಮಾಡಿದ್ವಿ," ಎಂದರು. ಜನ ಹೌದೆಂಬಂತೆ ತಲೆಯಾಡಿಸಿದರು. ತಾಯಿ ಮಂಕಾಗಿ ನೋಡುತ್ತಿದ್ದಳು.

ನಾನು ಸಾಹುಕಾರರ ಎದುರಿಗೆ ಹೋಗಿ ನಿಂತೆ. ಈ ಸಲ ಮಾತು ಬಂತು.

"ನಿಮ್ಮ ಅಂಗಡಿಯಾಕಿ ಅಲ್ರೀ ಆಕಿ. ನಿಮ್ಮ ಅಂಗಡಿ ಬಿಟ್ಟಾಕಿ. ಆಕಿಗೆ ಯಾರೂ ಸೀರಿ ಕೊಡಬ್ಯಾಡ್ರಿ ಅಂತ ಮನಿಮನಿಗೆ ಹೇಳಿ ಕಳಿಸಿದವ್ರು ನೀವು. ಮಗಳಿಗೆ ಹಂಗ ಮಾಡ್ತಾರೇನ್ರೀ?"

ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದರು. ಆ ಮಾತನ್ನು ನಾನು ಮೂರು ವರ್ಷ ತಡವಾಗಿ ಆಡಿದ್ದೆ. ಅಂಗಳದಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು, ಅವಳೊಬ್ಬಳನ್ನು ಬಿಟ್ಟು.