ಕಲ್ಯಾಣಿಯ ನಡುವೆ ಅಕ್ಕಿ

ಅವತ್ತು ರೇಡಿಯೋದಲ್ಲಿ ಕಚೇರಿ ನಡೆಯಲಿಲ್ಲ. ಅಕ್ಕಿ ವ್ಯಾಪಾರ ನಡೆಯಿತು. ನನ್ನ ಸೊಸೆ ಅದಕ್ಕೆ ಶ್ರುತಿ ಹಿಡಿದು ಕೂತಿದ್ದಳು, ಅಷ್ಟೇ. ಆಮೇಲೆ ಯಾರು ಏನೇ ಸಮಾಧಾನ ಹೇಳಿದರೂ ನಡೆದದ್ದು ಇದು.

ನಾವಿರುವುದು ಅಮೆರಿಕದ ಬ್ರಿಡ್ಜ್‌ವಾಟರ್‌ನಲ್ಲಿ, ಸೊಸೆಯ ಆಫೀಸು ದೂರದ ಜರ್ಸಿ ಸಿಟಿಯಲ್ಲಿ. ಮೈಸೂರಿನಲ್ಲಿ ಚಿಕ್ಕಂದಿನಿಂದ ಸಂಗೀತ ಕಲಿತವಳು. ಮದುವೆ, ವೀಸಾ, ಮಗು ಎಂದು ಬಿಟ್ಟುಬಿಟ್ಟಿದ್ದಳು. ಈಚೆಗೆ ಅದೇ ಹಳೆಯ ಟೀಚರ್ ಹತ್ತಿರ ಫೋನಿನಲ್ಲಿ ಮತ್ತೆ ಪಾಠ ಶುರು ಮಾಡಿದಳು. ಅಭ್ಯಾಸವೆಲ್ಲ ಕಾರಿನಲ್ಲಿ. ಪಕ್ಕದಲ್ಲಿ ಕೂತರೆ ಜೀವ ಕೈಯಲ್ಲಿ ಹಿಡಿದುಕೊಳ್ಳಬೇಕು. ಲೇನ್ ಬದಲಿಸುವಾಗಲೂ ಒಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ.

ಟೀಚರಿಗೆ ವಯಸ್ಸಾಗಿದೆ, ಕಿವಿ ಮಂದವಾಗುತ್ತಿದೆ. "ಕಿವಿ ಇರೋವಾಗ್ಲೇ ನಿನ್ನ ಕಲ್ಯಾಣಿ ಒಂದ್ಸಲ ಪೂರ್ತಿ ಕೇಳ್ಬಿಡ್ತೀನಮ್ಮ. ಪಾಠ ಒಪ್ಪಿಸೋ ಥರ ಅಲ್ಲ, ಕಚೇರಿ ಥರ" ಎಂದಿದ್ದರಂತೆ. ಸೊಸೆಗೆ ಆ ಮಾತು ಹಿಡಿದುಬಿಟ್ಟಿತ್ತು.

ಮಾರಿಸ್‌ಟೌನ್‌ನಲ್ಲಿ ನಮ್ಮವರು ಕೆಲವರು ಸೇರಿ ಒಂದು ರೇಡಿಯೋ ನಡೆಸುತ್ತಾರೆ. ರೇಡಿಯೋ ಎಂದರೆ ಪೆಟ್ಟಿಗೆಯಲ್ಲ, ಫೋನಿನಲ್ಲಿ ಬರುವುದು, ಮೈಸೂರಿನಲ್ಲೂ ಕೇಳುತ್ತದೆ. ಶನಿವಾರ ಬೆಳಿಗ್ಗೆ ಅದರಲ್ಲಿ ಸಂಗೀತ ಕಚೇರಿ. ಅಕ್ಕಿ ಬೇಳೆ ತರಿಸಿ ಮಾರುವವನೊಬ್ಬ ಅದಕ್ಕೆ ಸ್ಪಾನ್ಸರ್. ದುಡ್ಡು ಕೊಟ್ಟವನೇ ಮೈಕನ್ನೂ ಹಿಡಿಯುತ್ತಾನೆ, ಇನ್ನೊಬ್ಬರಿಗೆ ಕೊಡುವುದಿಲ್ಲ. ಅಲ್ಲಿ ಸೊಸೆಗೆ ಒಂದು ಶನಿವಾರ ಸಿಕ್ಕಿತು.

ಹೋಗುವಾಗ ದಾರಿಯುದ್ದಕ್ಕೂ ನನ್ನ ಮಗ ಪಾಠ ಹೇಳಿದ. "ಅಮ್ಮಾ, ಈ ದೇಶದಲ್ಲಿ ರೇಡಿಯೋನೇ ರಾಜ ಆಗಿದ್ದ ಕಾಲ ಒಂದಿತ್ತು. ಆಗ ದೊಡ್ಡ ದೊಡ್ಡ ಆರ್ಕೆಸ್ಟ್ರಾನೆಲ್ಲ ಟೈರ್ ಕಂಪನಿ, ಪೆಟ್ರೋಲ್ ಕಂಪನಿಗಳೇ ಸ್ಪಾನ್ಸರ್ ಮಾಡ್ತಿದ್ದದ್ದು. ಕಾರ್ಯಕ್ರಮಕ್ಕೇ ಕಂಪನಿ ಹೆಸರು. ಮನೆಮನೇಲೂ ಕೂತು ಕೇಳೋರು. ಗೋಲ್ಡನ್ ಏಜ್."

"ಟೈರಿನವನು ಸಂಗೀತದ ಮಧ್ಯೆ ಬಂದು ಟೈರ್ ಉರುಳಿಸ್ತಿದ್ನೇನೋ?"

"ಛೇ, ಇಲ್ಲಮ್ಮ. ಮುಂಚೆ ಒಂದೆರಡು ಮಾತು, ಕೊನೇಗೆ ಒಂದೆರಡು ಮಾತು."

"ಹಂಗಾದ್ರೆ ಅವ್ರಿಗೆ ಮರ್ಯಾದೆ ಗೊತ್ತಿತ್ತು ಬಿಡು."

ನಮ್ಮ ಕಾಲದ ರೇಡಿಯೋವನ್ನು ನಾನೇನೂ ಹೊಗಳುವುದಿಲ್ಲ. ನಾಲ್ಕನೇ ಕ್ಲಾಸು ಬಿಟ್ಟಮೇಲೆ ಪಕ್ಕದ ಮನೆಯ ರೇಡಿಯೋವನ್ನು ಪಾತ್ರೆ ತೊಳೆಯುತ್ತಾ ಕೇಳಿದವಳು ನಾನು. ಅದು ಸರ್ಕಾರದ್ದು, ಸೋಪು ಮಾರುತ್ತಿರಲಿಲ್ಲ. ವಾರ್ತೆಯ ಹೊತ್ತಾದರೆ ಮಾತ್ರ ಎಂಥಾ ವಿದ್ವಾಂಸರ ಕುತ್ತಿಗೆಯನ್ನೂ ಹಿಚುಕುತ್ತಿತ್ತು. ಆದರೆ ಹಾಡುವವರ ಕೈಯಲ್ಲೇ ಸೋಪು ಹೊಗಳಿಸುತ್ತಿರಲಿಲ್ಲ.

ರೇಡಿಯೋ ಸ್ಟೇಷನ್ ಎಂದರೆ ಯಾವುದೋ ಆಫೀಸಿನ ಹಿಂದಿನ ಕೋಣೆ, ಗೋಡೆಗೆಲ್ಲ ಸ್ಪಂಜು. ಅಕ್ಕಿಯವನು ಕೋಟು ಹಾಕಿಕೊಂಡು ನಿಂತಿದ್ದ. "ಆಂಟಿ, ನಿಮ್ಮ ಸೊಸೇನ ಇವತ್ತು ವರ್ಲ್ಡ್ ಫೇಮಸ್ ಮಾಡಿಬಿಡ್ತೀನಿ" ಎಂದ. ಕೋಣೆಯ ತುಂಬ ಅವನ ಸೆಂಟು. ಹಾಡುವವರ ಗಂಟಲಿಗೆ ಅದು ಆಗುತ್ತದೋ ಇಲ್ಲವೋ ಎಂಬ ಯೋಚನೆಯೂ ಅವನಿಗಿರಲಿಲ್ಲ.

ಸಣ್ಣಪುಟ್ಟದ್ದೆಲ್ಲ ಹಾಡಿ ಮುಗಿಸಿ ಸೊಸೆ ಕಲ್ಯಾಣಿಗೆ ಬಂದಳು. ಮೊದಲು ಮಾತಿಲ್ಲದೆ ರಾಗವನ್ನೇ ಬೆಳೆಸಿದಳು. ರಾಗ ತಾಳ ನನಗೆ ತಿಳಿಯದು. ಕಾರಿನಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ. ಅವಳು ನಿಲ್ಲಿಸಿದಳು, ಪಕ್ಕದಲ್ಲಿ ಕೂತಿದ್ದ ಪಿಟೀಲಿನವಳು ಎತ್ತಿಕೊಂಡಳು. ಕಚೇರಿಯ ರೂಢಿಯೇ ಅದು. ಹಾಡುವವರು ರಾಗ ಬಿಡಿಸಿದ ಮೇಲೆ ಪಿಟೀಲು ಅದನ್ನೇ ನುಡಿಸುತ್ತದೆ, ಆಮೇಲೆ ಕೀರ್ತನೆ. ಅಕ್ಕಿಯವನಿಗೆ ಕಂಡದ್ದು ಒಂದೇ: ಹಾಡುವವಳ ಬಾಯಿ ಮುಚ್ಚಿದೆ. ಬಾಯಿ ಮುಚ್ಚಿತು ಎಂದರೆ ಹಾಡು ಮುಗಿಯಿತು. ಪಿಟೀಲು ಹಿಂದೆ ಸುಮ್ಮನೆ ಬಾರಿಸುವ ಮ್ಯೂಸಿಕ್ಕು ಎಂದುಕೊಂಡು ಮೈಕು ಎಳೆದುಕೊಂಡೇಬಿಟ್ಟ.

"ವಾವ್! ಎಂಥಾ ಮಧುರವಾದ ಕಲ್ಯಾಣಿ! ಇಷ್ಟೇ ಮಧುರವಾದದ್ದು ಇನ್ನೊಂದಿದೆ ಸ್ನೇಹಿತರೇ, ಅದು ನಮ್ಮ ಸೋನಾ ಮಸೂರಿ!"

ಅಲ್ಲಿಂದ ಶುರುವಾದದ್ದು ಹಳೆ ಅಕ್ಕಿ, ಹೊಸ ಅಕ್ಕಿ, ಮನೆ ಬಾಗಿಲಿಗೆ ಡೆಲಿವರಿ ಎಂದು ಎಲ್ಲೆಲ್ಲೋ ಹೋಯಿತು. ಪಿಟೀಲಿನವಳು ಕಮಾನು ಇಳಿಸಿ ಗೋಡೆ ನೋಡುತ್ತಾ ಕೂತಳು. ಅವನು ಅಷ್ಟಕ್ಕೇ ಬಿಡಲಿಲ್ಲ, ಜೇಬಿನಿಂದ ಒಂದು ಚೀಟಿ ತೆಗೆದು ಸೊಸೆಯ ಮುಂದಿಟ್ಟ. "ಮೇಡಂ, ಈ ಎರಡು ಲೈನ್ ಇದೇ ರಾಗದಲ್ಲಿ ಹಾಡಿಬಿಡಿ. ಕೇಳೋರಿಗೂ ಮಜಾ ಇರುತ್ತೆ!"

ಬಿಡಿಬಿಡಿ ಅನ್ನ, ಮನೆಮಂದಿಗೆಲ್ಲ ಚೆನ್ನ. ಅದು ಅವನದೇ ಸಾಹಿತ್ಯ.

ಅವಳು ಹಾಡಿದಳು. ಯಾರೂ ಅವಳ ಬಾಯಿಗೆ ಕೈ ಹಾಕಿ ಹಾಡಿಸಲಿಲ್ಲ. ನಗುನಗುತ್ತಾ, ಗಮಕ ಕೊಟ್ಟು, ಎರಡು ಸಲ ಹಾಡಿದಳು. ಅವನು ಚಪ್ಪಾಳೆ ತಟ್ಟಿ ಗಡಿಯಾರ ನೋಡಿದ. "ಓ, ಟೈಮ್ ಆಗೋಯ್ತು!" ಎಂದು ಎಲ್ಲರಿಗೂ ನಮಸ್ಕಾರ ಹೇಳಿಬಿಟ್ಟ. ಕೀರ್ತನೆ ಅವಳ ಗಂಟಲಲ್ಲೇ ಉಳಿಯಿತು. ಅವಳಿಗೊಂದು ಶಾಲು ಹೊದಿಸಿದರು. ಜೊತೆಗೆ ಅವನೇ ಕೈಮುಗಿದುಕೊಂಡಿರುವ ಫೋಟೋ ಅಚ್ಚಾಗಿದ್ದ ಒಂದು ಮೂಟೆ ಅಕ್ಕಿ.

ವಾಪಸು ಬರುವಾಗ ಕಾರಿನಲ್ಲಿ ಟೀಚರ್ ಫೋನು ಬಂತು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

"ಕೇಳ್ದೆ ಕಣಮ್ಮ."

"ಟೀಚರ್, ಅದು... ಮಧ್ಯದಲ್ಲಿ ಅವ್ರು..."

"ಇರ್ಲಿ ಬಿಡು. ಅಕ್ಕಿ ಚೆನ್ನಾಗಿ ಬೇಯತ್ತಾ?"

ಅಷ್ಟು ಕೇಳಿ ಅವರು ಇಟ್ಟುಬಿಟ್ಟರು. ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳು ಬಿಡಿಬಿಡಿ ಅನ್ನವನ್ನೇ ಗುನುಗುತ್ತಿದ್ದಳು. "ಇಟ್ಸ್ ಸೋ ಕ್ಯಾಚಿ, ಅಜ್ಜಿ!" ಸುಮ್ಮನಿರು ಎಂದೆ.

ಮನೆಗೆ ಬಂದಮೇಲೆ ಸೊಸೆಯನ್ನು ಕೇಳಿದೆ: "ಆ ಚೀಟಿ ಯಾಕೆ ಹಾಡಿದೆ?"

"ಲೈವ್ ಹೋಗ್ತಿತ್ತು ಅತ್ತೆ. ಬೇಡ ಅಂತ ಹೆಂಗೆ ಹೇಳೋದು?"

"ಬಾಯಿ ಮುಚ್ಕೊಂಡಿದ್ದು. ಅದಕ್ಕೂ ಟೀಚರ್ ಬೇಕಾ?"

ಅವಳು ಊಟ ಮಾಡದೆ ಮೇಲಕ್ಕೆ ಹೋದಳು. ಮಗ ನನ್ನನ್ನು ದುರುಗುಟ್ಟಿ ನೋಡಿದ. ಎಕ್ಸ್‌ಪೋಷರ್ ಸಿಕ್ಕಿತಲ್ಲ ಎಂದು ಏನೋ ಗೊಣಗಿದ. ಯಾರಿಗೆ ಸಿಕ್ಕಿತು? ಅಕ್ಕಿಗೆ.

ಮರುದಿನ ಬೆಳಿಗ್ಗೆ ಎದ್ದವಳೇ ಆ ಮೂಟೆಯನ್ನು ಎಳೆದು ತಂದು ಊಟದ ಮೇಜಿನ ಮೇಲೆ ನಿಲ್ಲಿಸಿದೆ. ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಅದಕ್ಕೆ ನನ್ನ ಫೋನು ಒರಗಿಸಿ ಮೈಸೂರಿಗೆ ಮಾಡಿದೆ. ಅಲ್ಲಿ ಸಂಜೆ.

"ಯಾರು?"

"ನಿಮ್ಮ ಶಿಷ್ಯೆಯ ಅತ್ತೆ ಕಣ್ರೀ. ಒಂದು ಗಂಟೆ ಕೂತ್ಕೊಳಕ್ಕಾಗತ್ತಾ?"

"ಕೂತೇ ಇದ್ದೀನಿ ತಾಯಿ. ಇನ್ನೆಲ್ಲಿಗೆ ಹೋಗ್ಲಿ?"

ಸೊಸೆಯನ್ನು ಕೂಗಿದೆ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದು ಫೋನು ನೋಡಿದಳು. "ಗಂಟಲು ಸರಿ ಇಲ್ಲ ಅತ್ತೆ."

"ನಿನ್ನೆ ಅಕ್ಕಿಗೆ ಸರಿಯಾಗಿತ್ತಲ್ಲ!"

ಕುರ್ಚಿ ಎಳೆದುಕೊಂಡು ಕೂತಳು. ತನ್ನ ಫೋನಿನಲ್ಲಿ ತಂಬೂರಿ ಹಾಕಿಕೊಂಡಳು. ನಾನು ಡಿಶ್‌ವಾಷರ್ ಆಫ್ ಮಾಡಿದೆ, ಒಲೆ ಆರಿಸಿದೆ. ಆಮೇಲೆ ಮೆಟ್ಟಿಲ ಬುಡದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತೆ, ಮಗ ಮಧ್ಯದಲ್ಲಿ ಕಾಫಿ ಎಂದುಕೊಂಡು ಇಳಿದು ಬಾರದ ಹಾಗೆ.