ಹುಲ್ಲಿಗೂ ಹಣ್ಣಿಗೂ ಒಂದೇ ಬಾವಿ

ನನ್ನ ದೊಡ್ಡಮ್ಮ ಇಪ್ಪತ್ತಾರು ವರ್ಷ ಫುಟ್‌ಬಾಲ್ ಮೈದಾನದ ಹುಲ್ಲು ನೋಡಿಕೊಂಡಳು. ಆಟದ ನಿಯಮ ಒಂದೂ ಅವಳಿಗೆ ಗೊತ್ತಿರಲಿಲ್ಲ. ಗೋಲು ಬಿದ್ದು ಜನ ಎದ್ದು ಕುಣಿಯುವಾಗ ಅವಳ ಕಣ್ಣು ಆಟಗಾರರ ಬೂಟಿನ ಮೇಲಿರುತ್ತಿತ್ತು, ಎಲ್ಲಿ ಹುಲ್ಲು ಕಿತ್ತುಬಂತೋ ಎಂದು. ಜೇಬಿನಲ್ಲಿ ಸದಾ ಒಂದು ಉದ್ದದ ಸ್ಕ್ರೂಡ್ರೈವರ್. ಅದು ಮಣ್ಣಿಗೆ ಸಲೀಸಾಗಿ ಇಳಿದರೆ ನೀರು ಬೇಡ, ತಡೆದರೆ ಬೇಕು. ಮನೆಯವರೆಲ್ಲ ಅವಳನ್ನು ‘ಹುಲ್ಲಿನ ಡಾಕ್ಟರು’ ಎನ್ನುತ್ತಿದ್ದೆವು.

ಮೈದಾನದ ಬೇಲಿಯಾಚೆ ಅವಳ ತಮ್ಮನ, ಅಂದರೆ ನನ್ನ ಸೋದರಮಾವನ, ಕಿತ್ತಳೆ ತೋಟ. ಎರಡಕ್ಕೂ ಒಂದೇ ಬಾವಿ. ವಾರದಲ್ಲಿ ನಾಲ್ಕು ದಿನ ಮೈದಾನಕ್ಕೆ, ಮೂರು ದಿನ ತೋಟಕ್ಕೆ ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು.

ಒಂದು ಬೇಸಿಗೆ ಬಾವಿ ತಳ ಕಂಡಿತು. ಅದೇ ತಿಂಗಳ ಕೊನೆಗೆ ಪಂದ್ಯಾವಳಿ. ಕ್ಲಬ್ಬಿನ ಮ್ಯಾನೇಜರು ಇನ್ನೊಂದು ದಿನದ ನೀರೂ ಮೈದಾನಕ್ಕೇ ಬರಲಿ ಎಂದರು. ಅತ್ತ ಮಾವನ ತೋಟದಲ್ಲಿ ನೆಲ್ಲಿ ಗಾತ್ರದ ಕಾಯಿಗಳು ಉದುರುತ್ತಿದ್ದವು. ಅವನು ಜಗಳವಾಡಲಿಲ್ಲ, ಅಕ್ಕನನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದ, ಅಷ್ಟೇ. ದೊಡ್ಡಮ್ಮನಿಗೆ ಅತ್ತ ದರಿ, ಇತ್ತ ಪುಲಿ.

ಎರಡು ದಿನ ಯೋಚಿಸಿ ಅವಳು ನೆಂಟರಿಷ್ಟರ ಮನೆಯಿಂದೆಲ್ಲ ಖಾಲಿ ಡಬ್ಬಿ ಕೇಳಿ ತಂದಳು. ನನ್ನ ಅಮ್ಮನೂ ಒಂಬತ್ತು ಕೊಟ್ಟಳು. ಬೆಳಗಿನ ಜಾವ ಅವನ್ನೆಲ್ಲ ಹುಲ್ಲಿನ ಮೇಲೆ ಸಾಲಾಗಿ ಇಟ್ಟು, ಅರ್ಧ ಗಂಟೆ ಸ್ಪ್ರಿಂಕ್ಲರ್ ತಿರುಗಿಸಿ, ಒಂದೊಂದಕ್ಕೂ ಬೆರಳದ್ದಿ ನೋಡಿದಳು. ಗೋಲಿನ ಬಳಿ ಮೂರು ಬೆರಳು ನೀರು. ನಡುವೆ ಒಂದು ಬೆರಳೂ ಇಲ್ಲ. ನಡುವಿನ ಹುಲ್ಲು ನೆನೆಯಲೆಂದು ಅವಳು ಗಂಟೆಗಟ್ಟಲೆ ನೀರು ಬಿಡುತ್ತಿದ್ದಳು; ಉಳಿದ ಕಡೆ ಅದು ದಂಡವಾಗಿ ಹರಿದುಹೋಗುತ್ತಿತ್ತು. “ಇಷ್ಟು ವರ್ಷ ನೀರು ಚೆಲ್ಲಿದ್ದು ನಾನೇನಾ?” ಎಂದು ತನ್ನಷ್ಟಕ್ಕೇ ಅಂದುಕೊಂಡಳಂತೆ.

ಆ ವಾರವೆಲ್ಲ ನೀರು ಚಿಮ್ಮುವ ಮೂತಿಗಳ ಕಸ ತೆಗೆದಳು, ವಾಲಿದ ಸ್ಪ್ರಿಂಕ್ಲರ್‌ಗಳನ್ನು ನೆಟ್ಟಗೆ ನಿಲ್ಲಿಸಿದಳು. ಮತ್ತೆ ಡಬ್ಬಿ ಇಟ್ಟು ನೋಡಿದರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಸಮ. ನೇರ ಮ್ಯಾನೇಜರ ಕೋಣೆಗೆ ಹೋದಳು.

“ಸಾರ್, ಹೆಚ್ಚಿನ ದಿನ ಬೇಡ. ನಮ್ಮ ನಾಲ್ಕರಲ್ಲೇ ಎರಡು ತೋಟಕ್ಕೆ ಬಿಡೋಣ. ವಾರಕ್ಕೆ ಎರಡು ಸಲ ಚೆನ್ನಾಗಿ ಇಂಗೋ ಹಾಗೆ ಕೊಟ್ರೆ ಸಾಕು, ಬೇರು ಆಳಕ್ಕೆ ಇಳಿಯುತ್ತೆ. ಹುಲ್ಲು ಒಣಗಿದ್ರೆ ನನ್ನನ್ನ ಕೇಳಿ.”

ಅವರು ಅರೆಮನಸ್ಸಿನಿಂದ ತಲೆಯಾಡಿಸಿದರು.

ಸುದ್ದಿ ಹೇಳಲು ತೋಟಕ್ಕೆ ಹೋದರೆ ಮಾವ ಮರದ ಬುಡಕ್ಕೇ ಪೈಪ್ ಹಿಡಿದಿದ್ದ. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ.

“ಮರ ಕಾಂಡದಿಂದ ಕುಡಿಯುತ್ತೇನೋ? ಕೊಂಬೆ ಎಲ್ಲಿವರೆಗೆ ಚಾಚಿದೆಯೋ ಅಲ್ಲಿಗೆ ಬಿಡು.”

“ನಿನ್ನ ಪಾಠ ಹುಲ್ಲಿಗೆ ಹೇಳಕ್ಕ,” ಎಂದ ಮಾವ. ಆದರೆ ಪೈಪ್ ಸರಿಸಿದ.

ಪಂದ್ಯಾವಳಿಯ ಹೊತ್ತಿಗೆ ಹುಲ್ಲು ತುಸು ಬಿಳಿಚಿತ್ತು. ಯಾರೂ ಆಕ್ಷೇಪಿಸಲಿಲ್ಲ, ಕಾಲು ಜಾರುವುದಿಲ್ಲ ಎಂದು ಆಟಗಾರರು ಹೊಗಳಿದರಂತೆ. ತೋಟದಲ್ಲಿ ಅರ್ಧದಷ್ಟು ಕಾಯಿ ಉಳಿಯಿತು.

ಮೊದಲ ಕೊಯ್ಲಿನ ದಿನ ಮಾವ ಮೈದಾನಕ್ಕೇ ಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕುಳಿತ. ಒಂದು ಹಣ್ಣು ಸುಲಿದು ಅರ್ಧ ಅವಳ ಕೈಗಿಟ್ಟ.

“ಸ್ವಲ್ಪ ಹುಳಿ,” ಎಂದಳು ದೊಡ್ಡಮ್ಮ.

“ಅಕ್ಕನ ಕಡೆಯ ನೀರಲ್ವಾ,” ಎಂದ ಮಾವ.

ಇಬ್ಬರೂ ನಗುತ್ತ ಅದನ್ನು ತಿಂದು ಮುಗಿಸಿ, ಇನ್ನೊಂದು ಸುಲಿದರು.