ಕಾಲು ಮುಟ್ಟಿಸುವ ರಾಜಿ

ಕಾಲೇಜಿನ ಅಧ್ಯಕ್ಷರ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು. ಆ ಕಾಲೇಜಿನ ಮೈದಾನದ ಪಕ್ಕದ ತಗಡಿನ ಚಾವಣಿ ನಾನು ಕಟ್ಟಿದ್ದು. ಕಂಬ ನಿಲ್ಲಿಸುವಾಗ ಎಷ್ಟೋ ಸಲ ಆ ಕೋಣೆಯ ಮುಂದೆ ಹಾದುಹೋಗಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಗೋಕುಲ ರಸ್ತೆಯ ವೆಲ್ಡಿಂಗ್ ಅಂಗಡಿ ಸೇರಿದವನು ನಾನು. ಇವತ್ತು ಅದೇ ರಸ್ತೆಯಲ್ಲಿ ನನ್ನದೇ ಶೆಡ್ ಇದೆ, ಯಾರ ಹಂಗಿನಲ್ಲೂ ಇಲ್ಲ. ಮಗಳು ಕಾಲೇಜಿನ ಖೊಖೊ ತಂಡದ ನಾಯಕಿಯಾದಾಗ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದೆ. ಹಾಗಾಗಿ ಪಾಲಕರ ಪರವಾಗಿ ಹಿರಿಯನಾಗಿ ಬರಬೇಕೆಂದು ಅಧ್ಯಕ್ಷರು ಫೋನ್ ಮಾಡಿಸಿದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ.

ವಿಷಯ ಗೊತ್ತಿತ್ತು. ತಂಡದಲ್ಲಿ ಧಾರವಾಡದ ಹತ್ತಿರದ ಮುಗದ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಹಾಸ್ಟೆಲಿನಲ್ಲಿದ್ದು ಬಿ.ಎ. ಎರಡನೆಯ ವರ್ಷ ಓದುತ್ತಿದ್ದಳು. ತಂದೆ ಇಲ್ಲ, ತಾಯಿ ಬೇರೆಯವರ ಹೊಲದಲ್ಲಿ ದುಡಿಯುತ್ತಾಳೆ. ಅಭ್ಯಾಸ ಮುಗಿದ ಮೇಲೆ ಕೋಚ್ ತನ್ನೊಬ್ಬಳನ್ನೇ ಸಾಮಾನಿನ ಕೋಣೆಗೆ ಕರೆದು ಮೈಮೇಲೆ ಕೈ ಹಾಕುತ್ತಾನೆ, ಬಾಯಿ ಬಿಟ್ಟರೆ ತಂಡದಿಂದ ತೆಗೆಯುತ್ತೇನೆ ಎನ್ನುತ್ತಾನೆ ಎಂದು ಅವಳು ಪ್ರಿನ್ಸಿಪಾಲರಿಗೆ ಹೇಳಿದ್ದಳು. ಪ್ರಿನ್ಸಿಪಾಲರು ಅಧ್ಯಕ್ಷರಿಗೆ ಹೇಳಿದರು. ಪೊಲೀಸರಿಗೆ ಯಾರೂ ಹೇಳಲಿಲ್ಲ.

ಹಿಂದಿನ ದಿನ ಊಟಕ್ಕೆ ಕುಳಿತಾಗ ಮಗಳನ್ನು ಕೇಳಿದ್ದೆ.

“ಆಕಿ ಖರೇ ಹೇಳಾಕತ್ತಾಳಪ್ಪಾ,” ಎಂದಳು.

“ನೀ ಕಂಡೀಯೇನು?”

“ಆಕಿ ಅಳೂದು ಕಂಡೇನಿ. ಮೈದಾನದ ನಳದ ಹತ್ರ ಮಾರಿ ತೊಳಕೊಂಡಂಗ ಮಾಡಿ ಅಳ್ತಾಳ. ಹೋದ ಪಂದ್ಯದಾಗ ಸರ್ ಕಾಲು ಮುಟ್ಟಾಕ ಒಲ್ಲೆ ಅಂದ್ಲು. ಎಲ್ಲಾರೂ ಸೊಕ್ಕು ಅಂದ್ರು.”

ಆಟಕ್ಕೆ ಇಳಿಯುವ ಮುನ್ನ ಹುಡುಗಿಯರು ನೆಲ ಮುಟ್ಟಿ, ಆಮೇಲೆ ಕೋಚ್ ಕಾಲು ಮುಟ್ಟಿ ಹೋಗುವುದು ಆ ತಂಡದ ರೂಢಿ.

ಅಧ್ಯಕ್ಷರು ಹತ್ತಿ ವ್ಯಾಪಾರದವರು, ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಕೆಟ್ಟವರಲ್ಲ, ಬಡ ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿಸಿದವರು ಅವರೇ. ಕೋಚ್ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದ. ಕುರ್ಚಿ ಖಾಲಿ ಇದ್ದರೂ ಹುಡುಗಿಯ ತಾಯಿ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದಳು. ಹುಡುಗಿ ಅವಳ ಪಕ್ಕದಲ್ಲಿ ನಿಂತಿದ್ದಳು.

“ನೋಡು ತಂಗಿ,” ಅಧ್ಯಕ್ಷರು ಶುರು ಮಾಡಿದರು, “ಸಂಸ್ಥಾ ಅಂದ್ರ ನಮ್ಮನಿ ಇದ್ದಂಗ. ಸರ್ ಕಡಿಂದ ಏನರ ಹೆಚ್ಚು ಕಡಿಮಿ ಆಗಿದ್ರ ಅವರೂ ಮರೀತಾರ, ನೀನೂ ಮರಿ. ಕಾಲು ಮುಟ್ಟಿ ನಮಸ್ಕಾರ ಮಾಡು, ಅವರು ಆಶೀರ್ವಾದ ಮಾಡ್ತಾರ. ಅಲ್ಲಿಗೆ ಮುಗೀತು. ಮುಂದಿನ ವಾರ ಪಂದ್ಯ ಐತಿ.”

ನಮ್ಮಲ್ಲಿ ಜಗಳ ಹರಿಯುವುದೇ ಹೀಗೆ. ಅಣ್ಣತಮ್ಮಂದಿರ ಹೊಲದ ತಂಟೆ ಇರಲಿ, ಅತ್ತೆ ಸೊಸೆಯರ ಮುನಿಸಿರಲಿ, ಹಿರಿಯರು ಕೂಡುತ್ತಾರೆ, ಚಿಕ್ಕವರು ದೊಡ್ಡವರ ಕಾಲು ಮುಟ್ಟುತ್ತಾರೆ, ಚಹಾ ಬರುತ್ತದೆ. ತಪ್ಪು ಯಾರದೆಂದು ಆಮೇಲೆ ಯಾರೂ ಎತ್ತುವುದಿಲ್ಲ. ಅಂಥ ರಾಜಿಗಳಲ್ಲಿ ನಾನೂ ಕುಳಿತಿದ್ದೇನೆ, ಮನೆಗಳು ಒಡೆಯದೆ ಉಳಿದದ್ದನ್ನೂ ನೋಡಿದ್ದೇನೆ. ಆ ದಿನವೂ ಕಾಲೇಜಿನ ಸಿಪಾಯಿ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

ಹುಡುಗಿ ಅಲುಗಲಿಲ್ಲ. ತಾಯಿ ಎದ್ದಳು. “ಬಗ್ಗವಾ. ಬಗ್ಗಿಬಿಡು. ಸೀಟು ಹೋಗತೈತಿ,” ಎನ್ನುತ್ತ ಮಗಳನ್ನು ಕೋಚ್ ಮುಂದೆ ತಂದು ಕುತ್ತಿಗೆಯ ಹಿಂದೆ ಕೈಯಿಟ್ಟು ಒತ್ತಿದಳು. ಹುಡುಗಿಯ ಮೊಣಕಾಲು ಬಾಗಿದವು. ಅವನ ಬೂಟಿಗೆ ಗೇಣು ದೂರದಲ್ಲಿ ಅವಳ ಕೈ ನಿಂತಿತು.

ನಾನು ಎದ್ದು ಹೋಗಿ ನಡುವೆ ನಿಂತೆ. ತಾಯಿಯ ಕೈಯನ್ನು ಮೆಲ್ಲಗೆ ತೆಗೆದೆ. “ಬಿಡ್ರಿ ಅಕ್ಕಾ. ಆಕಿ ಬಗ್ಗೂದು ಬ್ಯಾಡ.”

ಅಧ್ಯಕ್ಷರು ನಕ್ಕರು. “ಏನ್ರಿ, ಕೂಡಸಾಕ ಕರದ್ರ ಮುರಿಯಾಕ ನಿಂತ್ರಲ್ಲ?”

“ನಿಮ್ಮ ಮೊಮ್ಮಗಳಿಗೆ ಹಿಂಗ ಆಗಿದ್ರ ಕಾಲು ಮುಟ್ಟು ಅಂತಿದ್ರೇನ್ರಿ ಯಜಮಾನ್ರ?”

ಅವರ ನಗು ಹೋಯಿತು. “ಕಾಲೇಜಿನ ಹೆಸರು ಪೇಪರಿನ್ಯಾಗ ಬಂದ್ರ ನಿಮಗ ಛಲೋ ಅನಸ್ತೈತೇನು? ನಿಮ್ಮ ಮಗಳೂ ಇಲ್ಲೇ ಕಲ್ಯಾಕತ್ತಾಳ.”

“ಹೆಸರು ಮತ್ತ ಗಳಸಬಹುದ್ರಿ. ಈ ಹುಡುಗಿ ಪರವಾಗಿ ಈ ಕ್ವಾಣ್ಯಾಗ ಯಾರ ಅದಾರ ಹೇಳ್ರಿ.”

“ಏಳನೇತ್ತಾ ಕಲ್ತವರಿಗೆ ಕಾಲೇಜಿನ ಶಿಸ್ತು ಏನ ತಿಳೀಬೇಕು ಬಿಡ್ರಿ,” ಎಂದ ಕೋಚ್, ಹಿಂದಿನಿಂದ. ಬೇರೆ ದಿನವಾಗಿದ್ದರೆ ಅವನಿಗೆ ಉತ್ತರ ಸಿಗುತ್ತಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಸ್ಟೇಶನ್ನಿಗೆ ಹೋಗೂಣೇನವಾ?” ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು.

ನನ್ನ ಟೆಂಪೋದಲ್ಲೇ ಮೂವರೂ ಹೋದೆವು. ಮಹಿಳಾ ಪೊಲೀಸ್ ಒಬ್ಬರು ಬರೆದುಕೊಂಡರು. ತಾಯಿಗೆ ಅಲ್ಲಿಯ ತನಕ ಏನೋ ಮಾತಿಗೆ ಮಾತು ಬೆಳೆದಿದೆ ಅನ್ನುವಷ್ಟೇ ಗೊತ್ತಿತ್ತಂತೆ. ಆಗಿದ್ದನ್ನೆಲ್ಲ ಮಗಳ ಬಾಯಿಂದ ಅವಳು ಕೇಳಿದ್ದು ಆ ಬೆಂಚಿನ ಮೇಲೆ ಕುಳಿತು. ಸೆರಗು ಬಾಯಿಗೆ ತುರುಕಿಕೊಂಡಳು. ಹೊರಗೆ ಬಂದ ಮೇಲೆ ನನಗಂದಳು: “ನನ್ನ ಕೈಯಿಂದನ ಬಗ್ಗಸಾಕ ಹೋಗಿದ್ನಲ್ಲರಿ ಅಣ್ಣಾ.” ನಾನು ಗಾಡಿಯ ಬಾಗಿಲು ತೆಗೆದೆ.

ಕೇಸು ದಾಖಲಾಯಿತು. ಆ ವರ್ಷ ಮುಂದೆ ಕಾಲೇಜು ತಂಡವನ್ನು ಯಾವ ಪಂದ್ಯಕ್ಕೂ ಕಳಿಸಲಿಲ್ಲ. ತಂಡದ ಇನ್ನೊಬ್ಬ ಹುಡುಗಿಯ ತಂದೆ ಶೆಡ್ಡಿಗೇ ಬಂದು, “ಒಬ್ಬಾಕಿ ಸಲುವಾಗಿ ಎಲ್ಲಾ ಹುಡುಗ್ಯಾರ ಆಟ ಕೆಡಿಸಿದ್ರಿ. ಭಾಳ ದೊಡ್ಡ ಮನಷ್ಯಾ ಆದ್ರಿ ನೀವು,” ಎಂದು ಹೇಳಿ ಹೋದ. ಸಂಸ್ಥೆಯ ಕೆಲಸ ನನಗೆ ಬರುವುದು ನಿಂತಿತು. ನಿಲ್ಲಲಿ, ನನ್ನ ಕೈಗೆ ಕೆಲಸ ಕಡಿಮೆಯಿಲ್ಲ. ನೋವಾದದ್ದು ಮಗಳನ್ನು ನೋಡಿ. ಅವಳಿಗದು ಕಾಲೇಜಿನ ಕೊನೆಯ ವರ್ಷ. ಸಂಜೆ ಮೈದಾನದ ಹೊತ್ತಿಗೆ ಮನೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದಳು.

ಮುಗದದ ಹುಡುಗಿ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಕೋಚ್‌ನನ್ನು ಕೆಲಸದಿಂದ ತೆಗೆದರು ಎಂದು ತಿಳಿದ ದಿನ, ಅದನ್ನು ಹೇಳಿ ಅವಳನ್ನು ಕರೆತರೋಣ ಎಂದು ಮಗಳ ಜೊತೆ ಹೋದೆ. ಹುಡುಗಿ ಮನೆಯ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಸುದ್ದಿ ಹೇಳಿದೆ. “ಹೂಂರಿ,” ಎಂದಳು, ಕೈ ನಿಲ್ಲಿಸಲಿಲ್ಲ.

“ಪರೀಕ್ಷಾ ಹತ್ರ ಬಂತು. ನಡೀಯವ್ವಾ,” ಎಂದೆ.

“ತಂಡದ ಹುಡುಗ್ಯಾರು ನನ್ನ ಜೋಡಿ ಮಾತಾಡ್ತಾರೇನ್ರಿ ಕಾಕಾ?”

ನಾನು ಮಗಳ ಕಡೆ ನೋಡಿದೆ. “ನಾ ಮಾತಾಡ್ತೇನಿ,” ಎಂದಳು ಮಗಳು.

“ಉಳದವರು?”

ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಮೊರದ ಎದುರು ಕುಳಿತು ತಾನೂ ಕಡಲೆ ಆರಿಸತೊಡಗಿದಳು.

“ಕೋರ್ಟಿಗೆ ಬರ್ತೇನ್ರಿ ಕಾಕಾ,” ಹುಡುಗಿ ಅಂದಳು. “ತಾರೀಖು ಬಿದ್ದಾಗ ಹೇಳ್ರಿ, ಎಲ್ಲಾ ಹೇಳ್ತೇನಿ. ಕಾಲೇಜಿಗೆ ಮಾತ್ರ ಒಲ್ಲೆ.”

ತಾಯಿ ಒಳಗಿನಿಂದ ಇನ್ನೊಂದು ಮೊರ ಕಡಲೆ ತಂದು ನಡುವೆ ಇಟ್ಟಳು. ನಾನೂ ಮಗಳೂ ಇಬ್ಬರೇ ಗಾಡಿ ಹತ್ತಿದ್ದು ಅದನ್ನು ಆರಿಸಿ ಮುಗಿಸಿದ ಮೇಲೆ.